ಯಂತ್ರಕ್ಕೆ ಚದುರಂಗ ಕಲಿಸಿದ ಅಲನ್ ಟ್ಯೂರಿಂಗ್

ಕೊರೋನಾ ಸಂತ್ರಸ್ತರ ನೆರವಿಗೆ ನಿಧಿ ಸಂಗ್ರಹಿಸಲು 2021ರ ಜೂನ್ 13ರಂದು ಅಂತರ್ಜಾಲದಲ್ಲಿ ಚದುರಂಗದ ಪ್ರದರ್ಶನ ಪಂದ್ಯಗಳು ಏರ್ಪಟ್ಟಿದ್ದವು. ಐದು ಬಾರಿಯ ವಿಶ್ವ ಚಾಂಪಿಯನ್ ವಿಶ್ವನಾಥನ್ ಆನಂದ್ ಅವರ ಎದುರು ಕನ್ನಡ ಚಿತ್ರನಟ ಸುದೀಪ್ ಸೇರಿದಂತೆ ಹಲವು ಗಣ್ಯರು ಆಡಿದರು. ಎಲ್ಲರೂ ನಿರೀಕ್ಷೆಯಂತೆ ಸೋಲುತ್ತಿದ್ದಾಗ ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಮಾತ್ರ ಗೆದ್ದುಬಿಟ್ಟರು. ಅವರ ನಡೆಗಳು ಹವ್ಯಾಸಿ ಆಟಗಾರನ ನಡೆಗಳಾಗಿರಲಿಲ್ಲ. ಮರುದಿನವೇ ಕಾಮತ್ ಅವರು ಆಟವನ್ನು ವಿಶ್ಲೇಷಿಸುತ್ತಿದ್ದವರ ಹಾಗೂ ಗಣಕಯಂತ್ರದ ಸಹಾಯ ಪಡೆದುದಾಗಿ ಬಹಿರಂಗವಾಗಿ ಒಪ್ಪಿಕೊಂಡು ಕ್ಷಮೆ ಕೇಳಿದರು. ಆನಂದ್ ತಾವು ಮಣೆಯ ಮೇಲಿದ್ದ ಸ್ಥಿತಿಯನ್ನಷ್ಟೇ ಆಡಿದುದಾಗಿ ತಿಳಿಸಿ, ಇತರರಿಂದಲೂ ಅದನ್ನೇ ನಿರೀಕ್ಷಿಸಿದ್ದಾಗಿ ಹೇಳಿ ಮಾತು ಮುಗಿಸಿದರು.

ತೆರೆಯ ಆಚೆ ಕುಳಿತು ಆಡುತ್ತಿರುವುದು ಮನುಷ್ಯನೋ ಯಂತ್ರವೋ ಎಂಬ ಸಂಶಯ ಇಂದು ಕಲ್ಲಡ್ಕದ ಬಸ್ ನಿಲ್ದಾಣದಲ್ಲಿ ಮೊಬೈಲು ಹಿಡಿದು ಚದುರಂಗ ಆಡುವ ಶಾಲಾ ಬಾಲಕನಿಂದ ಹಿಡಿದು ವಿಶ್ವ ಚಾಂಪಿಯನ್ ವರೆಗೆ ಎಲ್ಲರನ್ನೂ ಕಾಡುತ್ತಿದೆ. ಅಚ್ಚರಿಯ ಸಂಗತಿಯೆಂದರೆ, ಈ ಪ್ರಶ್ನೆಯನ್ನು ಚದುರಂಗದ ಮಣೆಯನ್ನೇ ಮುಂದಿಟ್ಟುಕೊಂಡು ಒಬ್ಬ ಗಣಿತಜ್ಞರು 1948ರಲ್ಲೇ ಎತ್ತಿದ್ದರು. ಆಗ ಚದುರಂಗ ಆಡಬಲ್ಲ ಗಣಕಯಂತ್ರ ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ. ಅವರೇ ಅಲನ್ ಮ್ಯಾಥಿಸನ್ ಟ್ಯೂರಿಂಗ್. ಅವರ ಬದುಕು ಕೇವಲ 41 ವರ್ಷಗಳದ್ದು; ಅದರ ಬೇರುಗಳ ಒಂದೆರಡು ಎಳೆಗಳು ಕನ್ನಡದ ನೆಲದಲ್ಲೂ ಇವೆ.

ಬಳ್ಳಾರಿಯ ನಂಟು

ಅಲನ್ ಅವರ ತಂದೆ ಜೂಲಿಯಸ್ ಟ್ಯೂರಿಂಗ್ ಇಂಡಿಯನ್ ಸಿವಿಲ್ ಸರ್ವಿಸ್ ಅಧಿಕಾರಿ. 1896ರಲ್ಲಿ ಮದರಾಸು ಪ್ರಾಂತ್ಯಕ್ಕೆ ಬಂದಿಳಿದ ಅವರು ಬಳ್ಳಾರಿ, ಕರ್ನೂಲು, ವಿಶಾಖಪಟ್ಟಣ ಜಿಲ್ಲೆಗಳಲ್ಲಿ ಸೇವೆ ಸಲ್ಲಿಸಿದರು. ಇಂದು ಕರ್ನಾಟಕದಲ್ಲಿರುವ ಬಳ್ಳಾರಿ ಆಗ ಮದರಾಸಿನ ಆಡಳಿತಕ್ಕೆ ಸೇರಿತ್ತು. ಬಂಟ್ವಾಳ, ಕಲ್ಲಡ್ಕಗಳನ್ನು ಒಳಗೊಂಡ ದಕ್ಷಿಣ ಕನ್ನಡವೂ ಅದೇ ಪ್ರಾಂತ್ಯದ ಜಿಲ್ಲೆಯಾಗಿತ್ತು. ತಾಯಿ ಎಥೆಲ್ ಸಾರಾ ಹುಟ್ಟಿದ್ದು ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ಆಕೆಯ ತಂದೆ ಎಡ್ವರ್ಡ್ ವಾಲರ್ ಸ್ಟೋನಿ ಮದರಾಸು ರೈಲ್ವೆಯ ಮುಖ್ಯ ಎಂಜಿನಿಯರ್. ತುಂಗಭದ್ರಾ ನದಿಗೆ ರೈಲು ಸೇತುವೆ ಕಟ್ಟಿಸಿದವರು. ಸದ್ದಿಲ್ಲದೆ ತಿರುಗುವ ಪಂಕಾ ಚಕ್ರವೊಂದನ್ನು ರೂಪಿಸಿ ಅದಕ್ಕೆ ಪೇಟೆಂಟ್ ಪಡೆದ ಕುಶಲಿಯೂ ಹೌದು. ಮೊಮ್ಮಗನಿಗೆ ಯಂತ್ರಗಳ ಮೇಲಿದ್ದ ಒಲವು ಅಲ್ಲಿಂದಲೇ ಇಳಿದು ಬಂದಿರಬಹುದು.

ಹಿರಿಯ ಮಗ ಜಾನ್ 1908ರಲ್ಲಿ ಕೂನೂರಿನಲ್ಲಿ ಜನಿಸಿದರೆ, ಅಲನ್ ಜನಿಸಿದ್ದು 1912ರ ಜೂನ್ 23ರಂದು ಲಂಡನ್ನಿನಲ್ಲಿ. ತಂದೆಯ ರಜೆ ಮುಗಿಯಿತು. ಎಳೆಯ ಮಕ್ಕಳಿಗೆ ಭಾರತದ ಹವೆ ಒಗ್ಗಲಾರದೆಂದು ಭಾವಿಸಿದ ದಂಪತಿ ಇಬ್ಬರನ್ನೂ ಇಂಗ್ಲೆಂಡಿನ ಕಡಲತೀರದ ಊರೊಂದರಲ್ಲಿ ನಿವೃತ್ತ ಸೇನಾಧಿಕಾರಿಯ ಮನೆಯಲ್ಲಿ ಬಿಟ್ಟು ಹಡಗು ಹತ್ತಿದರು. ವಸಾಹತು ಆಡಳಿತದ ಅಂದಿನ ಅಧಿಕಾರಿ ಕುಟುಂಬಗಳಲ್ಲಿ ಇದು ಸಾಮಾನ್ಯ ಪದ್ಧತಿ. ಆದರೆ ತಂದೆತಾಯಿಯರನ್ನು ವರ್ಷಗಟ್ಟಲೆ ಕಾಣದೆ ಬೆಳೆದ ಬಾಲಕ ತನ್ನೊಳಗೇ ಒಂದು ಲೋಕವನ್ನು ಕಟ್ಟಿಕೊಂಡ. ಜನರ ನಡುವೆ ಮುದುಡುವ, ಅಂಕಿಗಳ ನಡುವೆ ಅರಳುವ ಸ್ವಭಾವ ಆಗಲೇ ರೂಪುಗೊಂಡಿತು.

1926ರಲ್ಲಿ ಶೆರ್ಬೋರ್ನ್ ಶಾಲೆಗೆ ಸೇರುವ ದಿನವೇ ದೇಶವ್ಯಾಪಿ ಮುಷ್ಕರದಿಂದ ರೈಲುಗಳು ನಿಂತಿದ್ದವು. ಹದಿಮೂರರ ಹುಡುಗ ಸೌತಾಂಪ್ಟನ್ ಬಂದರಿನಿಂದ ಸುಮಾರು 60 ಮೈಲಿ ದೂರವನ್ನು ಸೈಕಲ್ ತುಳಿದುಕೊಂಡೇ ಕ್ರಮಿಸಿ, ನಡುವೆ ಒಂದು ರಾತ್ರಿ ತಂಗಿ, ಶಾಲೆ ಮುಟ್ಟಿದ. ಗ್ರೀಕ್, ಲ್ಯಾಟಿನ್‌ಗಳಿಗೆ ಪ್ರಾಶಸ್ತ್ಯ ಕೊಡುತ್ತಿದ್ದ ಆ ಶಾಲೆಯಲ್ಲಿ ಗಣಿತ, ವಿಜ್ಞಾನಗಳ ಹುಚ್ಚಿನ ಹುಡುಗನಿಗೆ ದೊರೆತ ಒಬ್ಬನೇ ಆಪ್ತ ಕ್ರಿಸ್ಟೋಫರ್ ಮಾರ್ಕಮ್. 1930ರ ಫೆಬ್ರವರಿಯಲ್ಲಿ ಆ ಗೆಳೆಯ ಕ್ಷಯರೋಗಕ್ಕೆ ಬಲಿಯಾದ. ಮನುಷ್ಯನ ಮನಸ್ಸು ದೇಹವೆಂಬ ಯಂತ್ರದಲ್ಲಿ ಹೇಗೆ ನೆಲೆಸಿರುತ್ತದೆ, ದೇಹ ಅಳಿದ ಮೇಲೆ ಅದರ ಗತಿಯೇನು ಎಂಬ ಚಿಂತನೆ ಅಲನ್ ಮನಸ್ಸಿನಲ್ಲಿ ಬೇರೂರಿದ್ದು ಈ ಸಾವಿನ ನೋವಿನಲ್ಲಿ. ಯಂತ್ರ ಯೋಚಿಸಬಲ್ಲುದೇ ಎಂಬ ಅವರ ಮುಂದಿನ ಪ್ರಶ್ನೆಗೆ ಹೀಗೆ ಒಂದು ಖಾಸಗಿ ದುಃಖದ ಹಿನ್ನೆಲೆಯಿದೆ.

ಕಾಗದದ ಮೇಲಿನ ಯಂತ್ರ

1931ರಲ್ಲಿ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿಗೆ ಸೇರಿದ ಟ್ಯೂರಿಂಗ್ 1935ರಲ್ಲಿ, ಕೇವಲ 22ರ ಹರೆಯದಲ್ಲಿ, ಅಲ್ಲಿಯ ಫೆಲೋ ಆಗಿ ಆಯ್ಕೆಯಾದರು. ಮರುವರ್ಷ ಅವರು ಮಂಡಿಸಿದ ಪ್ರಬಂಧ ಗಣಿತಶಾಸ್ತ್ರದ ಗಹನವಾದ ಪ್ರಶ್ನೆಯೊಂದಕ್ಕೆ ಉತ್ತರವಾಗಿತ್ತು. ಗಣಿತದ ಯಾವುದೇ ಹೇಳಿಕೆ ಸಾಧಿಸಬಹುದಾದದ್ದೇ ಅಲ್ಲವೇ ಎಂಬುದನ್ನು ನಿರ್ಧರಿಸಿಕೊಡುವ ಒಂದೇ ನಿಶ್ಚಿತ ಕ್ರಮವಿದೆಯೇ ಎಂಬುದು ಆ ಪ್ರಶ್ನೆ. ಅಂಥ ಕ್ರಮ ಇಲ್ಲವೆಂದು ತೋರಿಸಲು ಅವರು ಒಂದು ಯಂತ್ರವನ್ನು ಕಲ್ಪಿಸಿದರು. ಉದ್ದನೆಯ ಪಟ್ಟಿ, ಅದರ ಮೇಲೆ ಒಂದೊಂದೇ ಚೌಕ, ಪ್ರತಿ ಚೌಕದಲ್ಲಿ ಒಂದು ಚಿಹ್ನೆ, ಓದಿ ಬರೆದು ಮುಂದೆ ಹಿಂದೆ ಸರಿಯಲು ಕೆಲವೇ ನಿಯಮಗಳು. ಕ್ರಮಬದ್ಧವಾಗಿ ಲೆಕ್ಕ ಹಾಕಬಹುದಾದ ಎಲ್ಲವನ್ನೂ ಇಂಥ ಒಂದು ಯಂತ್ರ ಮಾಡಬಲ್ಲುದೆಂದು ಅವರು ವಾದಿಸಿದರು. ಗಣಕಯಂತ್ರ ವಿಜ್ಞಾನದ ತಳಹದಿ ಬಿದ್ದುದು ಕಬ್ಬಿಣದಲ್ಲೂ ಅಲ್ಲ, ವಿದ್ಯುತ್ತಿನಲ್ಲೂ ಅಲ್ಲ, ಈ ಕಾಗದದಲ್ಲಿ. 1938ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಡಾಕ್ಟರೇಟ್ ಪಡೆದು ಅವರು ಇಂಗ್ಲೆಂಡಿಗೆ ಮರಳಿದರು.

ಯುದ್ಧ ಮತ್ತು ಚದುರಂಗದ ಮೇಧಾವಿಗಳು

1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಮರುದಿನವೇ ಟ್ಯೂರಿಂಗ್ ಬ್ಲೆಚ್ಲಿ ಪಾರ್ಕ್ ಎಂಬ ಬಂಗಲೆಗೆ ಹಾಜರಾದರು. ಜರ್ಮನ್ ಸೇನೆ ತನ್ನ ಸಂದೇಶಗಳನ್ನು ಎನಿಗ್ಮಾ ಎಂಬ ಯಂತ್ರದಿಂದ ಗೂಢಲಿಪಿಗೆ ಬದಲಿಸುತ್ತಿತ್ತು. ಆ ಲಿಪಿಯನ್ನು ಭೇದಿಸುವುದೇ ಅಲ್ಲಿನ ಗುಪ್ತ ಕಾರ್ಯ. ಅದಕ್ಕಾಗಿ ಗಣಿತಜ್ಞರು, ಭಾಷಾತಜ್ಞರ ಜೊತೆಗೆ ಚದುರಂಗ ಪಟುಗಳನ್ನೂ ಕಲೆಹಾಕಲಾಗಿತ್ತು. ಹ್ಯೂ ಅಲೆಕ್ಸಾಂಡರ್, ಸ್ಟುವರ್ಟ್ ಮಿಲ್ನರ್-ಬ್ಯಾರಿ, ಹ್ಯಾರಿ ಗೋಲಂಬೆಕ್ ಮೂವರೂ ಯುದ್ಧ ಸಿಡಿದಾಗ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಚದುರಂಗ ಒಲಿಂಪಿಯಾಡ್ ಆಡುತ್ತಿದ್ದರು. ಇಂಗ್ಲೆಂಡ್ ತಂಡ ಆಟವನ್ನು ಅರ್ಧಕ್ಕೇ ಬಿಟ್ಟು ಹಿಂದಿರುಗಿತು. ಕಾಲಕ್ರಮದಲ್ಲಿ ಮೂವರೂ ಬ್ಲೆಚ್ಲಿಯಲ್ಲಿ ಟ್ಯೂರಿಂಗ್ ಅವರ ಸಹೋದ್ಯೋಗಿಗಳಾದರು.

ಪೋಲೆಂಡಿನ ಗಣಿತಜ್ಞರು ಅದಾಗಲೇ ಸಾಧಿಸಿದ್ದ ಮುನ್ನಡೆಯನ್ನು ಆಧರಿಸಿ ಟ್ಯೂರಿಂಗ್ ಒಂದು ಶೋಧಕ ಯಂತ್ರವನ್ನು ವಿನ್ಯಾಸಗೊಳಿಸಿದರು. ಗಾರ್ಡನ್ ವೆಲ್ಚ್‌ಮನ್ ಅದನ್ನು ಇನ್ನಷ್ಟು ಚುರುಕುಗೊಳಿಸಿದರು. ರೋಮನ್ ಅಕ್ಷರಗಳಲ್ಲಿ ಆ ಯಂತ್ರದ ಹೆಸರು ಕನ್ನಡಿಗರ ಕಣ್ಣಿಗೆ ಬೊಂಬೆ ಎಂದೇ ಕಾಣುತ್ತದೆ. ಉಚ್ಚಾರ ಮಾತ್ರ ಬಾಂಬ್. ಸುಮಾರು ಒಂದು ಟನ್ ತೂಕದ, ಟಿಕಟಿಕನೆ ಸದ್ದು ಮಾಡುವ ಈ ಯಂತ್ರಗಳು 1940ರಿಂದ ಎನಿಗ್ಮಾದ ದಿನದಿನದ ಕೀಲಿಯನ್ನು ಹುಡುಕತೊಡಗಿದವು. ಸಿಬ್ಬಂದಿ ಮತ್ತು ಸಲಕರಣೆಗಳ ಕೊರತೆಯಿಂದ ಕೆಲಸ ಕುಂಟಿದಾಗ 1941ರ ಅಕ್ಟೋಬರ್‌ನಲ್ಲಿ ಟ್ಯೂರಿಂಗ್, ವೆಲ್ಚ್‌ಮನ್, ಅಲೆಕ್ಸಾಂಡರ್, ಮಿಲ್ನರ್-ಬ್ಯಾರಿ ನಾಲ್ವರೂ ಮೇಲಧಿಕಾರಿಗಳನ್ನು ದಾಟಿ ನೇರವಾಗಿ ಪ್ರಧಾನಿ ಚರ್ಚಿಲ್‌ಗೆ ಪತ್ರ ಬರೆದರು. ಅವರು ಕೇಳಿದ್ದನ್ನೆಲ್ಲ ಕೂಡಲೇ ಒದಗಿಸುವಂತೆ ಚರ್ಚಿಲ್ ಆಜ್ಞೆ ಮಾಡಿದರು. ಅಟ್ಲಾಂಟಿಕ್ ಸಾಗರದಲ್ಲಿ ಬ್ರಿಟನ್ನಿನ ಆಹಾರದ ಹಡಗುಗಳನ್ನು ಮುಳುಗಿಸುತ್ತಿದ್ದ ಜರ್ಮನ್ ಜಲಾಂತರ್ಗಾಮಿಗಳ ಸಂದೇಶಗಳನ್ನು ಓದುವುದು ಟ್ಯೂರಿಂಗ್ ನೇತೃತ್ವದ ವಿಭಾಗದ ಹೊಣೆಯಾಗಿತ್ತು.

ಈ ಕೆಲಸದ ನಡುವೆ ಟ್ಯೂರಿಂಗ್ ರೂಪಿಸಿದ ಇನ್ನೊಂದು ಉಪಾಯ ಇಂದಿನ ಚದುರಂಗದ ಸಮಸ್ಯೆಗೂ ಸಂಬಂಧಿಸಿದೆ. ಒಂದು ಊಹೆ ನಿಜವೇ ಸುಳ್ಳೇ ಎಂಬುದನ್ನು ಒಂದೇ ಏಟಿಗೆ ತೀರ್ಮಾನಿಸಲಾಗದಿದ್ದಾಗ, ದೊರೆತ ಪ್ರತಿಯೊಂದು ಸಣ್ಣ ಸಾಕ್ಷ್ಯಕ್ಕೂ ಒಂದು ತೂಕ ಕೊಟ್ಟು ಕೂಡಿಸುತ್ತ ಹೋಗಬೇಕು. ಅನುಕೂಲವಾದ ಸಾಕ್ಷ್ಯಕ್ಕೆ ಕೂಡು, ಪ್ರತಿಕೂಲವಾದುದಕ್ಕೆ ಕಳೆ. ಮೊತ್ತ ನಿಗದಿತ ಮಿತಿ ದಾಟಿದಾಗ ಮಾತ್ರ ತೀರ್ಮಾನ. ಈ ತೂಕದ ಅಳತೆಗೆ ಅವರು ಬಾನ್ ಎಂದು ಹೆಸರಿಟ್ಟರು. ಅದರ ಹತ್ತನೆಯ ಒಂದು ಭಾಗ ಡೆಸಿಬಾನ್. ಲೆಕ್ಕದ ಹಾಳೆಗಳು ಮುದ್ರಣಗೊಳ್ಳುತ್ತಿದ್ದ ಬ್ಯಾನ್‌ಬರಿ ಪಟ್ಟಣದಿಂದ ಬಂದ ಹೆಸರದು. 20 ಡೆಸಿಬಾನ್ ಎಂದರೆ ಒಂದಕ್ಕೆ ನೂರರಷ್ಟು ಬಲವಾದ ಸಾಕ್ಷ್ಯ.

ಸೋಲುತ್ತಲೇ ಆಡಿದ ಆಟಗಾರ

ಚದುರಂಗದ ಇತಿಹಾಸದಲ್ಲಿ ಶಾಶ್ವತ ಸ್ಥಾನ ಪಡೆದ ಟ್ಯೂರಿಂಗ್ ಸ್ವತಃ ಒಳ್ಳೆಯ ಆಟಗಾರರಾಗಿರಲಿಲ್ಲ. ಗೋಲಂಬೆಕ್ ತಮ್ಮ ರಾಣಿಯನ್ನು ಮೊದಲೇ ಬಿಟ್ಟುಕೊಟ್ಟು ಆಡಿದರೂ ಟ್ಯೂರಿಂಗ್ ಸೋಲುತ್ತಿದ್ದರು. ಅವರು ಸೋಲೊಪ್ಪಿಕೊಂಡ ಮೇಲೆ ಮಣೆಯನ್ನು ತಿರುಗಿಸಿ, ಅವರು ಬಿಟ್ಟ ಅದೇ ಸ್ಥಿತಿಯಿಂದ ಗೋಲಂಬೆಕ್ ಗೆದ್ದು ತೋರಿಸುತ್ತಿದ್ದರಂತೆ. ಸಹೋದ್ಯೋಗಿಯೂ ಕೆಲಕಾಲ ಭಾವೀ ಪತ್ನಿಯೂ ಆಗಿದ್ದ ಜೋನ್ ಕ್ಲಾರ್ಕ್ ಜೊತೆಗೂ ರಾತ್ರಿ ಪಾಳಿಯ ಬಳಿಕ ಚದುರಂಗ ನಡೆಯುತ್ತಿತ್ತು. 1941ರಲ್ಲಿ ಟ್ಯೂರಿಂಗ್ ತಮ್ಮ ಒಲವು ಪುರುಷರ ಕಡೆಗಿದೆಯೆಂಬುದನ್ನು ಆಕೆಗೆ ಮುಚ್ಚುಮರೆಯಿಲ್ಲದೆ ತಿಳಿಸಿ, ನಿಶ್ಚಿತಾರ್ಥದಿಂದ ಹಿಂದೆ ಸರಿದರು. ಸ್ನೇಹ ಉಳಿಯಿತು.

ಸೋಲು ಅವರನ್ನು ಕುಗ್ಗಿಸಲಿಲ್ಲ, ಪ್ರಶ್ನೆಯೊಂದನ್ನು ಎದುರಿಗಿಟ್ಟಿತು. ಗೋಲಂಬೆಕ್ ಮಾಡುತ್ತಿರುವುದು ಲೆಕ್ಕಾಚಾರವೇ ಆಗಿದ್ದರೆ ಅದನ್ನು ನಿಯಮಗಳಾಗಿ ಬರೆಯಲು ಏಕಾಗದು? ನಿಯಮಗಳಾಗಿ ಬರೆಯಬಹುದಾದರೆ ಯಂತ್ರ ಅದನ್ನು ಏಕೆ ಆಡಬಾರದು? ಬಿಡುವಿನ ವೇಳೆಯಲ್ಲಿ ಕಿರಿಯ ಸಹೋದ್ಯೋಗಿಗಳಾದ ಜ್ಯಾಕ್ ಗುಡ್, ಡೊನಾಲ್ಡ್ ಮಿಚಿ ಅವರೊಡನೆ ಈ ಚರ್ಚೆ ಬೆಳೆಯಿತು. ಅವರ ಪಾಲಿಗೆ ಚದುರಂಗ ಮನುಷ್ಯಬುದ್ಧಿಯ ರಹಸ್ಯಕ್ಕೆ ಒಂದು ಕಿಟಕಿಯಾಗಿತ್ತು.

ಎರಡು ಕೋಣೆಗಳ ಪ್ರಯೋಗ

ಯುದ್ಧಾನಂತರ ಟ್ಯೂರಿಂಗ್ ಲಂಡನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿ ಗಣಕಯಂತ್ರದ ವಿನ್ಯಾಸಕ್ಕೆ ತೊಡಗಿದರು. ಕೆಲಸ ಆಮೆಗತಿಯಲ್ಲಿ ಸಾಗಿತು. ಬೇಸರ ಕಳೆಯಲು ಓಡುತ್ತಿದ್ದರು. 1947ರಲ್ಲಿ ಮ್ಯಾರಥಾನ್ ಓಟವನ್ನು 2 ಗಂಟೆ 46 ನಿಮಿಷಗಳಲ್ಲಿ ಪೂರೈಸಿದ ಗಟ್ಟಿಗ ಅವರು. ಚದುರಂಗಕ್ಕೂ ಓಟಕ್ಕೂ ಗಂಟುಹಾಕಿದ ವಿನೋದವೂ ಇತ್ತು. ಒಂದು ನಡೆ ನಡೆಸಿದವನು ಮನೆಗೆ ಒಂದು ಸುತ್ತು ಓಡಿ ಬರಬೇಕು. ಅಷ್ಟರಲ್ಲಿ ಎದುರಾಳಿ ನಡೆ ಮಾಡಿರದಿದ್ದರೆ ಇನ್ನೊಂದು ನಡೆ ಇವನಿಗೇ.

1948ರಲ್ಲಿ ಸಂಸ್ಥೆಗೆ ಸಲ್ಲಿಸಿದ ವರದಿಯಲ್ಲಿ ಅವರು ಯಂತ್ರಬುದ್ಧಿಯ ಸಾಧ್ಯತೆಗಳನ್ನು ವಿಸ್ತಾರವಾಗಿ ಚರ್ಚಿಸಿದರು. ಅದರ ಕೊನೆಯಲ್ಲಿ ಒಂದು ಪ್ರಯೋಗದ ವಿವರಣೆಯಿದೆ. ಮೂವರು ಬೇಕು. ಇಬ್ಬರು ಸಾಧಾರಣ ಚದುರಂಗ ಆಟಗಾರರು. ಮೂರನೆಯವನು ಕಾಗದದ ಮೇಲೆ ಬರೆದ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸುವವನು, ಅಂದರೆ ಕಾಗದದ ಯಂತ್ರ. ಎರಡು ಕೋಣೆಗಳ ನಡುವೆ ನಡೆಗಳನ್ನು ತಿಳಿಸುವ ವ್ಯವಸ್ಥೆ ಮಾಡಬೇಕು. ಒಂದು ಕೋಣೆಯಲ್ಲಿ ಕುಳಿತ ಆಟಗಾರನಿಗೆ ಆಚೆ ಕೋಣೆಯಿಂದ ಬರುವ ನಡೆ ಮನುಷ್ಯನದೋ ಕಾಗದದ ಯಂತ್ರದ್ದೋ ಎಂದು ಗುರುತಿಸುವುದು ಸುಲಭವಾಗಲಾರದೆಂದು ಟ್ಯೂರಿಂಗ್ ಬರೆದರು. ಇಂಥದೊಂದು ಪ್ರಯೋಗವನ್ನು ತಾವು ಮಾಡಿಯೂ ನೋಡಿದ್ದರು. ಸಂಸ್ಥೆಯ ನಿರ್ದೇಶಕರಿಗೆ ವರದಿ ರುಚಿಸಲಿಲ್ಲ; ಅದು ಅಚ್ಚಾದದ್ದು ಟ್ಯೂರಿಂಗ್ ಗತಿಸಿದ ಬಹುಕಾಲದ ಮೇಲೆ, 1968ರಲ್ಲಿ.

ಎರಡು ಕೋಣೆಗಳ ಜಾಗದಲ್ಲಿ ಎರಡು ಊರುಗಳನ್ನೂ, ನಡೆಗಳನ್ನು ಸಾಗಿಸುವ ವ್ಯವಸ್ಥೆಯ ಜಾಗದಲ್ಲಿ ಅಂತರ್ಜಾಲವನ್ನೂ ಇಟ್ಟು ನೋಡಿದರೆ, ಇಂದು ದಿನನಿತ್ಯ ಲಕ್ಷಾಂತರ ಮಂದಿ ಭಾಗಿಗಳಾಗಿರುವುದು ಇದೇ ಪ್ರಯೋಗದಲ್ಲಿ.

ಅದೇ ವರ್ಷ ಮಿತ್ರ ಡೇವಿಡ್ ಚಾಂಪರ್ನೌನ್ ಜೊತೆಗೂಡಿ ಟ್ಯೂರಿಂಗ್ ಚದುರಂಗದ ನಿಯಮಾವಳಿಯೊಂದನ್ನು ರಚಿಸಿದರು. ಇಬ್ಬರ ಹೆಸರಿನ ತುಣುಕುಗಳನ್ನು ಜೋಡಿಸಿ ಅದಕ್ಕೆ ಟ್ಯುರೋಚಾಂಪ್ ಎಂಬ ಹೆಸರಾಯಿತು. ಕಾಲಾಳಿಗೆ 1, ಕುದುರೆಗೆ 3, ಒಂಟೆಗೆ ಮೂರೂವರೆ, ಆನೆಗೆ 5, ರಾಣಿಗೆ 10 ಎಂದು ಅಂಕ. ತನ್ನ ಪ್ರತಿಯೊಂದು ನಡೆಗೂ ಎದುರಾಳಿಯ ಎಲ್ಲ ಉತ್ತರಗಳನ್ನು ಪರಿಶೀಲಿಸಬೇಕು. ಕಾಯಿ ಕಡಿಯುವ ಸರಣಿಯಿದ್ದರೆ ಅದು ಮುಗಿಯುವವರೆಗೂ ಮುಂದೆ ನೋಡಬೇಕು. ಅಂಕ ಸಮವಾದಾಗ ಕಾಯಿಗಳ ಓಡಾಟದ ಸ್ವಾತಂತ್ರ್ಯ, ರಾಜನ ಸುರಕ್ಷತೆ, ಕಾಲಾಳುಗಳ ಮುನ್ನಡೆಗಳನ್ನು ತೂಗಬೇಕು. ಆಗಷ್ಟೇ ಆಟ ಕಲಿತಿದ್ದ ಚಾಂಪರ್ನೌನ್ ಅವರ ಪತ್ನಿ ಈ ಕಾಗದದ ಯಂತ್ರದ ಎದುರು ಸೋತರು. ಇಂದಿನ ಚದುರಂಗ ತಂತ್ರಾಂಶಗಳು ಎಷ್ಟೇ ಬೆಳೆದಿದ್ದರೂ ಮುಂದಿನ ನಡೆಗಳನ್ನು ಶೋಧಿಸಿ, ಸ್ಥಿತಿಗೆ ಬೆಲೆ ಕಟ್ಟುವ ಮೂಲಸೂತ್ರ ಅವುಗಳಲ್ಲಿ ಇಂದಿಗೂ ಇದೆ.

ಗೊಂಬೆಯೊಳಗಿನ ಮನುಷ್ಯ

ಚದುರಂಗ ಆಡುವ ಯಂತ್ರದ ಹೆಸರಿನಲ್ಲಿ ಮೋಸ ಟ್ಯೂರಿಂಗ್ ಕಾಲಕ್ಕಿಂತ ಬಹಳ ಹಿಂದೆಯೇ ನಡೆದಿತ್ತು. ವೋಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಎಂಬ ಕುಶಲಿ 1770ರಲ್ಲಿ ವಿಯೆನ್ನಾದ ರಾಣಿ ಮರಿಯಾ ಥೆರೇಸಾಳ ಆಸ್ಥಾನದಲ್ಲಿ ರುಮಾಲು ಸುತ್ತಿದ ತುರ್ಕಿಯವನ ಗೊಂಬೆಯೊಂದನ್ನು ಪ್ರದರ್ಶಿಸಿದ. ಪೆಟ್ಟಿಗೆಯ ಮುಂದೆ ಕುಳಿತ ಗೊಂಬೆ ತಾನೇ ಕೈಯೆತ್ತಿ ಕಾಯಿ ನಡೆಸಿ ಗೆಲ್ಲುತ್ತಿತ್ತು. 1809ರಲ್ಲಿ ನೆಪೋಲಿಯನ್ ಕೂಡ ಅದರೆದುರು ಆಡಿದ. ಪೆಟ್ಟಿಗೆಯೊಳಗೆ ನುರಿತ ಆಟಗಾರನೊಬ್ಬ ಅಡಗಿರುತ್ತಿದ್ದುದೇ ಅದರ ಗುಟ್ಟು. ಕಲ್ಲಡ್ಕದ ಗೊಂಬೆ ಕಲಾವಿದರ ಎತ್ತರದ ಗೊಂಬೆಗಳು ಮೆರವಣಿಗೆಗಳಲ್ಲಿ ಹೆಜ್ಜೆ ಹಾಕುವಾಗಲೂ ಒಳಗೆ ಮನುಷ್ಯನಿರುತ್ತಾನೆ. ಆದರೆ ಅದು ನೋಡುವವರಿಗೆಲ್ಲ ಗೊತ್ತಿರುವ ಸತ್ಯ. ಅಲ್ಲಿರುವುದು ಕಲೆ, ವಂಚನೆಯಲ್ಲ. ಕೆಂಪೆಲೆನ್‌ನ ತುರ್ಕಿ ಯಂತ್ರದ ವೇಷ ತೊಟ್ಟ ಮನುಷ್ಯ. ಇಂದಿನ ಅಂತರ್ಜಾಲ ಚದುರಂಗದ ಮೋಸಗಾರ ಮನುಷ್ಯನ ವೇಷ ತೊಟ್ಟ ಯಂತ್ರ. ಈ ತಿರುವು ಸಾಧ್ಯವಾದದ್ದು ಟ್ಯೂರಿಂಗ್ ತೋರಿದ ದಾರಿಯಿಂದ.

1948ರ ಶರತ್ಕಾಲದಲ್ಲಿ ಟ್ಯೂರಿಂಗ್ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ ಸೇರಿದರು. 1950ರಲ್ಲಿ ತತ್ತ್ವಶಾಸ್ತ್ರದ ಪತ್ರಿಕೆಯೊಂದರಲ್ಲಿ ಅವರ ಸುಪ್ರಸಿದ್ಧ ಲೇಖನ ಪ್ರಕಟವಾಯಿತು. ಎರಡು ಕೋಣೆಗಳ ಚದುರಂಗದ ಪ್ರಯೋಗ ಅಲ್ಲಿ ಸಂಭಾಷಣೆಯ ಪರೀಕ್ಷೆಯಾಗಿ ಬೆಳೆದಿತ್ತು. ಕಣ್ಣಿಗೆ ಕಾಣದವರೊಡನೆ ಬೆರಳಚ್ಚಿನ ಮೂಲಕ ಪ್ರಶ್ನೋತ್ತರ ನಡೆಸಿ, ಉತ್ತರಿಸುತ್ತಿರುವುದು ಯಂತ್ರವೋ ಮನುಷ್ಯನೋ ಎಂದು ಪರೀಕ್ಷಕ ಹೇಳಬೇಕು. ಲೇಖನದಲ್ಲಿ ಮಾದರಿಗೆ ಕೊಟ್ಟ ಪ್ರಶ್ನೆಗಳಲ್ಲಿ ಒಂದು ಚದುರಂಗದ್ದು. ಹದಿನೈದು ಸೆಕೆಂಡು ತಡೆದು, ಆನೆಯನ್ನು ಮುನ್ನಡೆಸಿ ರಾಜನನ್ನು ಕಟ್ಟಿಹಾಕುವ ಉತ್ತರ ಬರುತ್ತದೆ. ಇನ್ನೊಂದು, 34957ಕ್ಕೆ 70764 ಕೂಡಿಸುವ ಲೆಕ್ಕ. ಸುಮಾರು ಮೂವತ್ತು ಸೆಕೆಂಡು ಕಳೆದ ಮೇಲೆ ದೊರೆಯುವ ಉತ್ತರ 105621. ನಿಜವಾದ ಮೊತ್ತ 105721. ಮನುಷ್ಯನೆಂದು ನಂಬಿಸಬೇಕಾದ ಯಂತ್ರ ನಿಧಾನಿಸಬೇಕು, ಆಗಾಗ ತಪ್ಪಬೇಕು ಎಂಬ ಸೂಕ್ಷ್ಮವನ್ನು ಅವರು ಅಂದೇ ಕಂಡಿದ್ದರು. ಇಂದಿನ ಚತುರ ಮೋಸಗಾರರು ಮಾಡುವುದೂ ಇದನ್ನೇ. ತಂತ್ರಾಂಶ ಕ್ಷಣಾರ್ಧದಲ್ಲಿ ಹೇಳಿದ ನಡೆಯನ್ನು ತಡೆದು ಆಡುತ್ತಾರೆ. ನಡುನಡುವೆ ಬೇಕೆಂದೇ ಸಾಧಾರಣ ನಡೆಗಳನ್ನು ಬೆರೆಸುತ್ತಾರೆ.

ಒಂದು ನಡೆಗೆ ಅರ್ಧ ಗಂಟೆ

ಟ್ಯುರೋಚಾಂಪ್‌ನ್ನು ಮ್ಯಾಂಚೆಸ್ಟರ್‌ನ ಗಣಕಯಂತ್ರದಲ್ಲಿ ಅಳವಡಿಸಲು ಟ್ಯೂರಿಂಗ್ ಆರಂಭಿಸಿದರಾದರೂ ಅದು ಪೂರ್ಣವಾಗಲಿಲ್ಲ. 1952ರಲ್ಲಿ ಅವರು ತಾವೇ ಯಂತ್ರವಾಗಿ ಕುಳಿತರು. ಎದುರಾಳಿ ಸಹೋದ್ಯೋಗಿ ಅಲಿಕ್ ಗ್ಲೆನ್ನಿ. ಪ್ರತಿ ನಡೆಗೂ ಕಾಗದ, ಪೆನ್ಸಿಲು ಹಿಡಿದು ಸುಮಾರು ಅರ್ಧ ಗಂಟೆ ಲೆಕ್ಕ. ಬಿಳಿಕಾಯಿಗಳ ಯಂತ್ರ ತನ್ನ ರಾಣಿಯನ್ನು ಕಳೆದುಕೊಂಡು 29 ನಡೆಗಳಲ್ಲಿ ಸೋತಿತು. ದಶಕಗಳ ಬಳಿಕ ತಜ್ಞರು ಆ ನಿಯಮಾವಳಿಯನ್ನು ಆಧುನಿಕ ಗಣಕಯಂತ್ರದಲ್ಲಿ ಮರುಸೃಷ್ಟಿಸಿದಾಗ ಅಂದಿನ ಎಲ್ಲ ನಡೆಗಳೂ ತಾಳೆಯಾಗಲಿಲ್ಲ. ದೀರ್ಘ ಲೆಕ್ಕವನ್ನು ಟ್ಯೂರಿಂಗ್ ಅಲ್ಲಲ್ಲಿ ಮೊಟಕುಗೊಳಿಸಿರಬೇಕು. ಜಗತ್ತಿನ ಮೊದಲ ಚದುರಂಗ ತಂತ್ರಾಂಶದ ಆಟದಲ್ಲಿಯೇ ಯಂತ್ರದ ನಡೆ ಯಾವುದು, ಮನುಷ್ಯನ ನಡೆ ಯಾವುದು ಎಂಬುದು ಹೀಗೆ ಅಸ್ಪಷ್ಟವಾಗಿ ಉಳಿಯಿತು. 2012ರಲ್ಲಿ, ಟ್ಯೂರಿಂಗ್ ಜನ್ಮಶತಾಬ್ದಿಯ ಸಂದರ್ಭದಲ್ಲಿ, ಗ್ಯಾರಿ ಕಾಸ್ಪರೋವ್ ಮ್ಯಾಂಚೆಸ್ಟರ್‌ನಲ್ಲಿ ಈ ತಂತ್ರಾಂಶದ ವಿರುದ್ಧ ಆಡಿ 16 ನಡೆಗಳಲ್ಲಿ ಗೆದ್ದು, ಅದರ ಕರ್ತೃವಿಗೆ ಗೌರವ ಸಲ್ಲಿಸಿದರು.

ಸತ್ಯ ನುಡಿದುದಕ್ಕೆ ಶಿಕ್ಷೆ

1951ರಲ್ಲಿ ರಾಯಲ್ ಸೊಸೈಟಿಯ ಫೆಲೋ ಗೌರವ ಪಡೆದ ಟ್ಯೂರಿಂಗ್ ಬದುಕು ಮರುವರ್ಷವೇ ಕುಸಿಯಿತು. 1952ರ ಜನವರಿಯಲ್ಲಿ ಅವರ ಮನೆಯಲ್ಲಿ ಕಳ್ಳತನವಾಯಿತು. ದೂರು ಕೊಟ್ಟವರು ಅವರೇ. ತನಿಖೆಯ ವೇಳೆ ಯುವಕನೊಬ್ಬನೊಡನೆ ಅವರಿಗಿದ್ದ ಸಂಬಂಧದ ಪ್ರಶ್ನೆ ಬಂದಾಗ ಅವರು ಅದನ್ನು ಒಪ್ಪಿಕೊಂಡರು. ಐದು ಪುಟಗಳ ಹೇಳಿಕೆಯನ್ನೇ ಬರೆದುಕೊಟ್ಟರು. ಅಂದಿನ ಇಂಗ್ಲೆಂಡಿನಲ್ಲಿ ಪುರುಷರ ನಡುವಿನ ಲೈಂಗಿಕ ಸಂಬಂಧ 1885ರ ಕಾಯಿದೆಯಂತೆ ಅಪರಾಧ. ಕಳ್ಳತನದ ದೂರುದಾರರೇ ಆರೋಪಿಯಾದರು. ಮಾರ್ಚ್ 31ರಂದು ನಡೆದ ವಿಚಾರಣೆಯಲ್ಲಿ ಚದುರಂಗ ಪಟು ಹ್ಯೂ ಅಲೆಕ್ಸಾಂಡರ್ ಮತ್ತು ಗಣಿತಜ್ಞ ಮ್ಯಾಕ್ಸ್ ನ್ಯೂಮನ್ ಅವರ ಸಚ್ಚಾರಿತ್ರ್ಯಕ್ಕೆ ಸಾಕ್ಷಿ ನುಡಿದರು. ಯುದ್ಧಕಾಲದ ಸೇವೆ ಸರ್ಕಾರಿ ರಹಸ್ಯವಾದುದರಿಂದ ಅದರ ವಿವರ ನ್ಯಾಯಾಲಯದಲ್ಲಿ ಬಾಯಿಬಿಡುವಂತಿರಲಿಲ್ಲ. ಸೆರೆವಾಸದ ಬದಲು ಒಂದು ವರ್ಷ ಸ್ತ್ರೀ ಹಾರ್ಮೋನಿನ ಚಿಕಿತ್ಸೆ ಎಂಬ ಷರತ್ತಿಗೆ ಟ್ಯೂರಿಂಗ್ ಒಳಗಾದರು. ದೇಹ ವಿರೂಪಗೊಂಡಿತು. ಸರ್ಕಾರದ ಗೂಢಲಿಪಿ ವಿಭಾಗದ ಬಾಗಿಲು ಅವರಿಗೆ ಮುಚ್ಚಿತು.

ಆ ದಿನಗಳಲ್ಲೂ ಅವರ ಚಿಂತನೆ ನಿಲ್ಲಲಿಲ್ಲ. ಪ್ರಾಣಿಗಳ ಮೈಮೇಲಿನ ಪಟ್ಟೆ, ಚುಕ್ಕೆಗಳು ಹೇಗೆ ಮೂಡುತ್ತವೆಂಬುದಕ್ಕೆ ಗಣಿತದ ವಿವರಣೆ ನೀಡುವ ಅವರ ಪ್ರಬಂಧ 1952ರಲ್ಲೇ ಪ್ರಕಟವಾಯಿತು. ಯಂತ್ರಗಳು ಆಟ ಆಡುವ ಬಗೆಗಿನ ಅವರ ಬರಹ 1953ರಲ್ಲಿ ಅಚ್ಚಾಯಿತು. 1954ರ ಜೂನ್ 7ರಂದು, 42ನೇ ಹುಟ್ಟುಹಬ್ಬಕ್ಕೆ ಹದಿನಾರು ದಿನ ಬಾಕಿಯಿರುವಾಗ, ವಿಲ್ಮ್‌ಸ್ಲೋ ಪಟ್ಟಣದ ತಮ್ಮ ಮನೆಯಲ್ಲಿ ಸೈನೈಡ್ ವಿಷದಿಂದ ಅವರು ಮೃತಪಟ್ಟರು. ಹಾಸಿಗೆಯ ಬಳಿ ಅರ್ಧ ತಿಂದ ಸೇಬುಹಣ್ಣಿತ್ತು. ಅದನ್ನು ಪರೀಕ್ಷೆಗೆ ಒಳಪಡಿಸಲಿಲ್ಲ. ಅಧಿಕೃತ ತೀರ್ಪು ಆತ್ಮಹತ್ಯೆ ಎಂದಿತು. ರಾಸಾಯನಿಕಗಳೊಡನೆ ಪ್ರಯೋಗ ಮಾಡುತ್ತಿದ್ದ ಮಗ ಆಕಸ್ಮಿಕವಾಗಿ ತೀರಿಕೊಂಡನೆಂದೇ ತಾಯಿ ಕೊನೆಯವರೆಗೂ ನಂಬಿದ್ದರು.

ಸಂಶಯದ ಕಾಲ

ಟ್ಯೂರಿಂಗ್ ಕಂಡ ಕನಸು 1997ರಲ್ಲಿ ಪೂರ್ಣಗೊಂಡಿತು. ಐಬಿಎಂ ಕಂಪನಿಯ ಡೀಪ್ ಬ್ಲೂ ಯಂತ್ರ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಸರಣಿಯಲ್ಲಿ ಸೋಲಿಸಿತು. ಇಂದು ಕಿಸೆಯ ಮೊಬೈಲಿನಲ್ಲಿ ಉಚಿತವಾಗಿ ಸಿಗುವ ತಂತ್ರಾಂಶ ಯಾವ ಚಾಂಪಿಯನ್ನನಿಗೂ ಮಣಿಯದು. ಅದರ ಬೆನ್ನಿಗೇ ಮೋಸವೂ ಬಂತು. 2006ರಲ್ಲಿ ದೆಹಲಿಯ ಟೂರ್ನಿಯೊಂದರಲ್ಲಿ ಟೋಪಿಯೊಳಗೆ ಬ್ಲೂಟೂತ್ ಸಾಧನ ಅಡಗಿಸಿಕೊಂಡು ನೆರವು ಪಡೆದ ಆಟಗಾರನಿಗೆ ಅಖಿಲ ಭಾರತ ಚದುರಂಗ ಫೆಡರೇಷನ್ ಹತ್ತು ವರ್ಷ ನಿಷೇಧ ಹೇರಿತು. 2019ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಶೌಚಾಲಯದೊಳಗೆ ಮೊಬೈಲು ಬಳಸಿ ಸಿಕ್ಕಿಬಿದ್ದ ಗ್ರ್ಯಾಂಡ್‌ಮಾಸ್ಟರ್ ಇಗೋರ್ಸ್ ರೌಸಿಸ್ ತಮ್ಮ ಪದವಿಯನ್ನೇ ಕಳೆದುಕೊಂಡರು. 2020ರ ಕೊರೋನಾ ಕಾಲದಲ್ಲಿ ಆಟವೆಲ್ಲ ಅಂತರ್ಜಾಲಕ್ಕೆ ಸರಿದಾಗ ಮೋಸಕ್ಕೆ ಟೋಪಿಯೂ ಬೇಡವಾಯಿತು, ಶೌಚಾಲಯವೂ ಬೇಡವಾಯಿತು.

ಪತ್ತೆಯ ಕೆಲಸ ನಡೆಯುವುದು ಬಹುಮಟ್ಟಿಗೆ ಟ್ಯೂರಿಂಗ್ ಬ್ಲೆಚ್ಲಿಯಲ್ಲಿ ಅನುಸರಿಸಿದ ತರ್ಕದಿಂದಲೇ. ಒಂದು ಅದ್ಭುತ ನಡೆ ಏನನ್ನೂ ಸಾಬೀತುಪಡಿಸದು. ಎಳೆಯ ಆಟಗಾರನಿಗೂ ಒಂದು ದಿನ ದೇವರು ಒಲಿಯಬಹುದು. ಆಟಗಾರನ ಮಟ್ಟಕ್ಕೆ ಸಹಜವಾದ ತಪ್ಪುಗಳೆಷ್ಟು, ತಂತ್ರಾಂಶದ ಆಯ್ಕೆಯೊಡನೆ ಹೊಂದಿಕೆಯಾದ ನಡೆಗಳೆಷ್ಟು, ಸುಲಭದ ನಡೆಗೂ ಕಷ್ಟದ ನಡೆಗೂ ಒಂದೇ ಸಮಯ ಹಿಡಿಯಿತೇ ಎಂದು ನೂರಾರು ನಡೆಗಳ ಮೇಲೆ ತೂಗಿ ನೋಡಬೇಕು. ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಕೆನೆತ್ ರೀಗನ್ ಇಂಥ ಸಂಖ್ಯಾಶಾಸ್ತ್ರೀಯ ವಿಧಾನವನ್ನು ಬೆಳೆಸಿದವರಲ್ಲಿ ಪ್ರಮುಖರು. ಗಣಕ ವಿಜ್ಞಾನದ ಪ್ರಾಧ್ಯಾಪಕರಾದ ಅವರ ಸಂಶೋಧನಾ ಕ್ಷೇತ್ರ ಟ್ಯೂರಿಂಗ್ ಕಾಗದದ ಯಂತ್ರದಿಂದ ಹುಟ್ಟಿದ್ದೇ ಆಗಿದೆ.

ಆದರೆ ತೂಕದ ಲೆಕ್ಕಕ್ಕೆ ತಾಳ್ಮೆ ಬೇಕು, ಸಂಶಯಕ್ಕೆ ತಾಳ್ಮೆಯಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಅಂದಿನ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ ಅಮೆರಿಕದ 19ರ ಹರೆಯದ ಹಾನ್ಸ್ ನೀಮನ್ ಎದುರು ಸೋತು ಟೂರ್ನಿಯಿಂದಲೇ ಹೊರನಡೆದಾಗ ಜಗತ್ತೇ ಎರಡಾಯಿತು. ನೀಮನ್ ಎಳವೆಯಲ್ಲಿ ಅಂತರ್ಜಾಲದ ಆಟಗಳಲ್ಲಿ ಮೋಸ ಮಾಡಿದ್ದನ್ನು ಒಪ್ಪಿಕೊಂಡರು. ಎದುರುಬದುರು ಕುಳಿತು ಆಡಿದ ಆ ಪಂದ್ಯದಲ್ಲಿ ಮೋಸ ನಡೆದುದಕ್ಕೆ ಪುರಾವೆ ಸಿಗಲಿಲ್ಲ. 2025ರ ಅಕ್ಟೋಬರ್‌ನಲ್ಲಿ 29ನೇ ವಯಸ್ಸಿಗೇ ನಿಧನರಾದ ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಡೇನಿಯಲ್ ನರೋಡಿಟ್ಸ್ಕಿ ಕೊನೆಯ ವರ್ಷದಲ್ಲಿ ಸಾಬೀತಾಗದ ಮೋಸದ ಆರೋಪಗಳನ್ನು ಹೊತ್ತುಕೊಂಡೇ ಬದುಕಿದ್ದರು. ಮೋಸ ಮಾಡಿದವನು ಕದಿಯುವುದು ಒಂದು ಗೆಲುವನ್ನಷ್ಟೇ ಅಲ್ಲ. ಪ್ರಾಮಾಣಿಕವಾಗಿ ಚೆನ್ನಾಗಿ ಆಡಿದವನಿಗೆ ಸಲ್ಲಬೇಕಾದ ನಂಬಿಕೆಯನ್ನೂ ಕದಿಯುತ್ತಾನೆ.

ತಡವಾಗಿ ಬಂದ ಮನ್ನಣೆ

ಇಂಗ್ಲೆಂಡಿನಲ್ಲಿ ಟ್ಯೂರಿಂಗ್ ಅವರನ್ನು ಶಿಕ್ಷಿಸಿದ ಕಾನೂನು 1967ರಲ್ಲಿ ಸಡಿಲವಾಯಿತು. 2009ರಲ್ಲಿ ಬ್ರಿಟಿಷ್ ಪ್ರಧಾನಿ ಗಾರ್ಡನ್ ಬ್ರೌನ್ ಸರ್ಕಾರದ ಪರವಾಗಿ ಕ್ಷಮೆ ಯಾಚಿಸಿದರು. 2013ರ ಡಿಸೆಂಬರ್‌ನಲ್ಲಿ ರಾಣಿಯ ಕ್ಷಮಾದಾನ ಪ್ರಕಟವಾಯಿತು. 2017ರಲ್ಲಿ ಅದೇ ಕಾನೂನಿನಡಿ ಶಿಕ್ಷೆಗೊಳಗಾಗಿ ಗತಿಸಿದ ಸಾವಿರಾರು ಮಂದಿಗೂ ಕ್ಷಮಾದಾನ ವಿಸ್ತರಿಸಿತು. 2021ರ ಜೂನ್ 23ರಂದು, ಅವರ ಜನ್ಮದಿನದಂದೇ, ಅವರ ಚಿತ್ರವಿರುವ 50 ಪೌಂಡ್ ನೋಟು ಚಲಾವಣೆಗೆ ಬಂತು. ಜೂಲಿಯಸ್ ಟ್ಯೂರಿಂಗ್ ಬಳ್ಳಾರಿಯಲ್ಲಿ ಜಾರಿಗೊಳಿಸುತ್ತಿದ್ದ 1860ರ ಭಾರತೀಯ ದಂಡ ಸಂಹಿತೆಯಲ್ಲೂ 377ನೇ ಕಲಮಿನ ರೂಪದಲ್ಲಿ ಅಂಥದೇ ಕಾನೂನಿತ್ತು. ವಯಸ್ಕರ ಸಮ್ಮತಿಯ ಸಂಬಂಧವನ್ನು ಅದರ ಹಿಡಿತದಿಂದ ಸುಪ್ರೀಂ ಕೋರ್ಟ್ ಬಿಡುಗಡೆಗೊಳಿಸಿದ್ದು 2018ರ ಸೆಪ್ಟೆಂಬರ್ 6ರಂದು.

ಟ್ಯೂರಿಂಗ್ ಯಂತ್ರಕ್ಕೆ ಮನುಷ್ಯನನ್ನು ಅನುಕರಿಸುವ ವಿದ್ಯೆ ಕಲಿಸಿದರು. ಆದರೆ ಅವರ ಪ್ರಯೋಗಗಳಲ್ಲಿ ಪರೀಕ್ಷೆ ನಡೆಯುತ್ತಿದೆಯೆಂಬುದು ಪರೀಕ್ಷಕನಿಗೆ ಮೊದಲೇ ಗೊತ್ತಿರುತ್ತಿತ್ತು. ಆಟಕ್ಕೂ ವಂಚನೆಗೂ ಇರುವ ಗೆರೆ ಅಷ್ಟೇ. ತೆರೆಯ ಆಚೆ ಕುಳಿತವರು ಯಾರೆಂದು ಕೇಳಲು ಅವರು ಲೋಕಕ್ಕೆ ಕಲಿಸಿದರು; ಒಬ್ಬರೇ ಕುಳಿತಿರುವಾಗ, ಯಾರೂ ನೋಡದಿರುವಾಗ, ತಮ್ಮ ನಡೆಯನ್ನು ತಾವೇ ಆಡುವ ಕೆಲಸ ಮಾತ್ರ ಇಂದಿಗೂ ಆಟಗಾರರಿಗೇ ಉಳಿದಿದೆ.